ಕಾಕದಂತ ಪರೀಕ್ಷೆ: ಪ್ರಾಥಮಿಕ ಶಾಲೆಯ ಇಂಗ್ಲಿಷ್ ಮೌಲ್ಯಮಾಪನದ ಶಾಸ್ತ್ರೀಯ ವಿವೇಚನೆ

ಪೀಠಿಕೆ

ಕಾಗೆಗೆ ಹಲ್ಲೆಷ್ಟು ಎಂದು ಎಣಿಸಲು ಹೊರಡುವುದಕ್ಕೆ ನಮ್ಮ ಪ್ರಾಚೀನ ತಾರ್ಕಿಕರು ‘ಕಾಕದಂತ ಪರೀಕ್ಷೆ’ ಎಂದು ಹೆಸರಿಟ್ಟು, ವ್ಯರ್ಥ ವಿಚಾರಣೆಗೆ ಅದನ್ನೇ ಉದಾಹರಣೆ ಮಾಡಿದರು. ಅವರ ಕಾಲದಲ್ಲಿ ನಾಲ್ಕನೇ ತರಗತಿಯ ಇಂಗ್ಲಿಷ್ ಪ್ರಶ್ನೆಪತ್ರಿಕೆ ಇರಲಿಲ್ಲವಾದ್ದರಿಂದ ಈ ದುಡುಕನ್ನು ಮನ್ನಿಸಬಹುದು. ಇಲ್ಲದ ಹಲ್ಲನ್ನು ಎಣಿಸಿ, ಅಂಕ ಕೊಟ್ಟು, ಕೂಡಿ, ಶೇಕಡಾವಾರು ತೆಗೆದು, ಗ್ರೇಡ್ ಹಾಕಿ, ಪೋಷಕರ ರುಜುವನ್ನೂ ಪಡೆಯಬಹುದೆಂದು ಆಧುನಿಕ ಶಾಸ್ತ್ರವು ಸಾಧಿಸಿ ತೋರಿಸಿದೆ.

ಕರ್ನಾಟಕದ ಸರ್ಕಾರಿ ಶಾಲೆಗಳಿಗೆ 2007-08ರಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂತು. 2019-20ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯುವ ಯೋಜನೆ ಜಾರಿಯಾಯಿತು. ಭಾಷೆ ಬಂದ ಮೇಲೆ ಪರೀಕ್ಷೆ ಬರುವುದು ಲೋಕರೂಢಿ. ಪರೀಕ್ಷೆ ಬಂದರೆ ಭಾಷೆ ಬಂದಂತೆಯೇ ಎಂಬುದು ಕಚೇರಿರೂಢಿ. ಈ ಪ್ರಬಂಧವು ಎರಡನೆಯದನ್ನು ಪ್ರಮಾಣವೆಂದು ಸ್ವೀಕರಿಸುತ್ತದೆ. ಪ್ರತಿಪಾದ್ಯ ವಿಷಯಗಳು ಎರಡು: ಪ್ಯಾಸೇಜು ಓದಿ ಉತ್ತರಿಸುವುದು, ಸುಳಿವುಗಳಿಂದ ಕಥೆ ಬರೆಯುವುದು.

1. ಕಾಕಾಕ್ಷಿಗೋಲಕ ನ್ಯಾಯ

ಕಾಗೆಗೆ ಒಂದೇ ಕಣ್ಣುಗುಡ್ಡೆ; ಬೇಕಾದಾಗ ಅದು ಈ ಕಡೆಯ ಗೂಡಿಗೂ ಆ ಕಡೆಯ ಗೂಡಿಗೂ ಉರುಳುತ್ತದೆ ಎಂಬುದು ಈ ನ್ಯಾಯದ ಸಾರ. ಪ್ಯಾಸೇಜು ಬಿಡಿಸುವ ಮಗುವಿನ ಕಣ್ಣೂ ಹಾಗೆಯೇ. ಒಮ್ಮೆ ಕೆಳಗಿನ ಪ್ರಶ್ನೆಗೆ, ಒಮ್ಮೆ ಮೇಲಿನ ಸಾಲಿಗೆ. ಎರಡೂ ಕಡೆ ಒಂದೇ ಪದ ಸಿಕ್ಕಿತೋ, ಆ ಸಾಲನ್ನು ಪೂರ್ಣವಿರಾಮದವರೆಗೆ ಇಳಿಸುವುದು. ಇದನ್ನೇ ಅರ್ಥಗ್ರಹಣ ಎನ್ನುತ್ತಾರೆ.

ಈ ವಿಧಾನಕ್ಕೆ ಅರ್ಥದ ಹಂಗಿಲ್ಲ ಎಂಬುದನ್ನು ಓದುಗರ ಮೇಲೆಯೇ ಪ್ರಯೋಗಿಸಿ ತೋರಿಸಬಹುದು. “ಗುಂಬಕನು ತೊಳಚಿಯನ್ನು ಕೊಂಪಲದಲ್ಲಿ ಡಿಂಬಿಸಿದನು.” ಪ್ರಶ್ನೆ: ಗುಂಬಕನು ತೊಳಚಿಯನ್ನು ಎಲ್ಲಿ ಡಿಂಬಿಸಿದನು? ಉತ್ತರ ಬಂತಷ್ಟೆ? ಎರಡಕ್ಕೆ ಎರಡು ಅಂಕ. ಡಿಂಬಿಸುವುದು ಪುಣ್ಯವೋ ಪಾಪವೋ, ತೊಳಚಿ ತಿನ್ನುವ ವಸ್ತುವೋ ಉಡುವ ವಸ್ತುವೋ ಎಂಬ ಚಿಂತೆ ಪರೀಕ್ಷಾರ್ಥಿಗೆ ಸಲ್ಲದು.

ಅರ್ಥ ಮಾಡಿಕೊಂಡರೆ ಏನಾಗುತ್ತದೆ? ಪ್ಯಾಸೇಜಿನಲ್ಲಿ ರಾಮು ಎಂಬ ರೈತನಿದ್ದಾನೆ. ಅವನಿಗೆ ಎರಡು ಹಸುಗಳಿವೆ. ಬೆಳಿಗ್ಗೆ ಬೇಗ ಏಳುತ್ತಾನೆ, ಹೊಲಕ್ಕೆ ಹೋಗುತ್ತಾನೆ. ಪ್ರಶ್ನೆ: ರಾಮು ಏಕೆ ಬೇಗ ಏಳುತ್ತಾನೆ? ಮಂಡ್ಯದ ಕಡೆಯ ಹುಡುಗಿಯೊಬ್ಬಳು “ಟು ಗಿವ್ ಮಿಲ್ಕ್ ಟು ಡೈರಿ” ಎಂದು ಬರೆಯುತ್ತಾಳೆನ್ನಿ. ಅವಳ ಮನೆಯಲ್ಲೂ ಎರಡು ಹಸುಗಳಿವೆ. ತಡವಾಗಿ ಎದ್ದರೆ ಡೈರಿಯವರು ಕ್ಯಾನ್ ಮುಚ್ಚುತ್ತಾರೆ. ಆದರೆ ಮಾದರಿ ಉತ್ತರದಲ್ಲಿರುವುದು ಹೊಲ. ಆದ್ದರಿಂದ ಸೊನ್ನೆ. ಹುಡುಗಿ ಪ್ಯಾಸೇಜಿನೊಳಗೆ ಹೊಕ್ಕು, ರಾಮುವಿನ ಕೊಟ್ಟಿಗೆಯವರೆಗೂ ಹೋಗಿಬಂದದ್ದು ಸ್ಪಷ್ಟವಾಗಿದೆ. ಇಂಥ ಅತಿಕ್ರಮ ಪ್ರವೇಶಕ್ಕೆ ಶಾಸ್ತ್ರದಲ್ಲಿ ಅನುಮತಿಯಿಲ್ಲ.

ಪಾಶ್ಚಾತ್ಯರು ಇಲ್ಲಿ ದಾರಿ ತಪ್ಪಿದ್ದರು. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ಮಕ್ಕಳಿಗೆ ಫ್ರಾಂಕ್ಲಿನ್ ಎಂಬ ಊರಿನ ಶಾಲಾ ಹಾಜರಾತಿ ನಿಯಮದ ಪ್ಯಾಸೇಜು ಕೊಟ್ಟು, ಇದರ ಮುಖ್ಯ ವಿಷಯವೇನು ಎಂದು ಕೇಳಿದ. ಕೆಲವರು ‘ಫ್ರಾಂಕ್ಲಿನ್’ ಎಂದಷ್ಟೇ ಬರೆದರು. ನಮ್ಮಲ್ಲಾದರೆ ಕನಿಷ್ಠ ಅರ್ಧ ಅಂಕ ಗ್ಯಾರಂಟಿ. ಆತ ಮಾತ್ರ ಈ ತಪ್ಪುಗಳನ್ನೆಲ್ಲ ಕೂತು ವಿಂಗಡಿಸಿ, ಓದುವುದೆಂದರೆ ಪ್ರತಿಪದವನ್ನೂ ತೂಗಿ ನೋಡಿ ತರ್ಕಿಸುವುದು, ಲೆಕ್ಕ ಬಿಡಿಸಿದಂತೆಯೇ ಎಂದು 1917ರಲ್ಲಿ ಬರೆದುಬಿಟ್ಟ. ತಪ್ಪು ಉತ್ತರಕ್ಕೆ ಕೆಂಪು ಗೆರೆ ಎಳೆಯುವ ಬದಲು ಅದು ಏಕೆ ಬಂತೆಂದು ಯೋಚಿಸಲು ಕುಳಿತರೆ ಬರುವ ತೀರ್ಮಾನಗಳೇ ಹೀಗೆ. ಒಂದು ತರಗತಿಯಲ್ಲಿ ಅರವತ್ತು ಉತ್ತರಪತ್ರಿಕೆಗಳಿರುವಾಗ ಇದು ಅಪಾಯಕಾರಿ.

2. ಕಾಕತಾಲೀಯ ನ್ಯಾಯ

ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋಯಿತು ಎಂಬುದನ್ನು ಎಲ್ಲರೂ ಬಲ್ಲರು. ಬಹು ಆಯ್ಕೆಯ ಪ್ರಶ್ನೆಗೆ ಇದೇ ತಳಹದಿ. ಕಾನ್ಸಾಸ್‌ನಲ್ಲಿ ಫ್ರೆಡರಿಕ್ ಕೆಲಿ 1915ರ ಹೊತ್ತಿಗೆ ರೂಪಿಸಿದ ಮೌನ ಓದಿನ ಪರೀಕ್ಷೆಯನ್ನು ಈ ಜಾತಿಯ ಮೂಲಪುರುಷರಲ್ಲಿ ಒಂದೆಂದು ಎಣಿಸುತ್ತಾರೆ. ತಿದ್ದುವವರ ಇಷ್ಟಾನಿಷ್ಟ ಅಡ್ಡ ಬರಬಾರದು, ಸಮಯವೂ ಉಳಿಯಬೇಕು ಎಂಬುದು ಆತನ ಉದ್ದೇಶ. ಎರಡೂ ನೆರವೇರಿದವು. ನಾಲ್ಕು ಆಯ್ಕೆಗಳಿದ್ದರೆ, ಪ್ಯಾಸೇಜಿನ ಕಡೆ ತಿರುಗಿಯೂ ನೋಡದವನಿಗೆ ಸರಾಸರಿ ಶೇ. 25 ಅಂಕ ಸಲ್ಲುವುದು ಗಣಿತದ ಧರ್ಮ. ಅಂಥವನು ಓದಿನಲ್ಲಿ ಕಾಲು ಭಾಗ ಪರಿಣತನೆಂದು ಸಿದ್ಧವಾಯಿತು. ಬೆರಳಿಟ್ಟು ಇಂಕಿ ಪಿಂಕಿ ಎಣಿಸುವುದು, ಎಲ್ಲಕ್ಕಿಂತ ಉದ್ದನೆಯ ಆಯ್ಕೆಗೆ ಗುರುತು ಹಾಕುವುದು, ‘ಮೇಲಿನ ಎಲ್ಲವೂ’ ಕಂಡಲ್ಲಿ ಕಣ್ಣು ಮುಚ್ಚಿ ಶರಣಾಗುವುದು ಇತ್ಯಾದಿ ಉಪಾಸನಾ ಕ್ರಮಗಳು ಶಿಷ್ಯಪರಂಪರೆಯಲ್ಲಿ ಮೌಖಿಕವಾಗಿ ಹರಿದು ಬಂದಿವೆ. ಇವುಗಳಿಗೆ ಲಿಖಿತ ಆಕರವಿಲ್ಲ.

3. ತೃಷಿತಕಾಕ ಪ್ರಕರಣ

ಈಗ ಕಥಾರಚನೆ. ‘ಸಮ್ಮರ್ ಡೇ – ಥರ್ಸ್ಟಿ ಕ್ರೋ – ಪಾಟ್ – ಲಿಟ್ಲ್ ವಾಟರ್ – ಪೆಬಲ್ಸ್ – ಹ್ಯಾಪಿ – ಮಾರಲ್.’ ಈ ಸುಳಿವುಗಳನ್ನು ಬಳಸಿ ನಿನ್ನದೇ ಮಾತುಗಳಲ್ಲಿ ಕಥೆ ಬರೆ. ಈಸೋಪನ ಹೆಸರಿನಲ್ಲಿ ಬಂದಿರುವ ಈ ಕಾಗೆ ನಮ್ಮ ಶಾಲೆಗಳಲ್ಲಿ ತಲೆಮಾರುಗಳಿಂದ ನೀರು ಕುಡಿಯುತ್ತಿದ್ದರೂ ಅದರ ದಾಹ ಇಂಗಿಲ್ಲ. ಮುಂದಿನ ಪರೀಕ್ಷೆಗೆ ಮತ್ತೆ ಬಾಯಾರಿ ಬರುತ್ತದೆ.

ಕಥೆಗೆ ಅಂಕ ಕೊಡುವುದರಲ್ಲಿ ಒಂದು ಹಳೆಯ ತೊಡಕಿತ್ತು. 1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಎಂಬವರು ಹೈಸ್ಕೂಲಿನ ಇಂಗ್ಲಿಷ್ ಉತ್ತರಪತ್ರಿಕೆಗಳ ನಕಲು ಮಾಡಿಸಿ ನೂರಕ್ಕೂ ಹೆಚ್ಚು ಶಾಲೆಗಳಿಗೆ ಕಳಿಸಿದರು. ಒಂದೇ ಉತ್ತರಪತ್ರಿಕೆಗೆ ಬಂದ ಅಂಕಗಳ ನಡುವೆ ನೂರಕ್ಕೆ ಮೂವತ್ತಕ್ಕೂ ಮಿಕ್ಕಿದ ಅಂತರ! ಒಬ್ಬ ಮೇಷ್ಟರ ರತ್ನ ಇನ್ನೊಬ್ಬರಿಗೆ ಗಾಜಿನ ಚೂರು. ಪಾಶ್ಚಾತ್ಯರು ಅಂದಿನಿಂದ ಅಳತೆಪಟ್ಟಿ, ರೂಬ್ರಿಕ್ ಎಂದು ಒದ್ದಾಡುತ್ತಿದ್ದಾರೆ. ನಮ್ಮ ಪರಿಹಾರ ಸರಳ. ಕಥೆಯನ್ನು ಬೋರ್ಡಿನ ಮೇಲೆ ಬರೆದು, ಮಕ್ಕಳೆಲ್ಲರಿಗೂ ಬಾಯಿಪಾಠ ಮಾಡಿಸುವುದು. ಆಗ ಉತ್ತರಗಳೆಲ್ಲ ಒಂದೇ, ಅಂಕವೂ ಒಂದೇ. ‘ನಿನ್ನದೇ ಮಾತುಗಳಲ್ಲಿ’ ಎಂಬ ಸೂಚನೆಯಲ್ಲಿ ‘ನೀನು’ ಎಂದರೆ ಗೈಡ್ ಪುಸ್ತಕದ ಕರ್ತೃ ಎಂದು ವ್ಯಾಖ್ಯಾನಿಸತಕ್ಕದ್ದು.

ಈ ನಡುವೆ ಕಾಗೆಯನ್ನೇ ಪರೀಕ್ಷೆಗೆ ಕೂರಿಸಿದ ಪ್ರಸಂಗವೂ ನಡೆದಿದೆ. 2009ರಲ್ಲಿ ಕ್ರಿಸ್ಟಫರ್ ಬರ್ಡ್ ಮತ್ತು ನೇಥನ್ ಎಮೆರಿ ಎಂಬ ಸಂಶೋಧಕರು ರೂಕ್ ಎಂಬ ಕಾಗೆಜಾತಿಯ ನಾಲ್ಕು ಹಕ್ಕಿಗಳ ಮುಂದೆ ಅರ್ಧ ನೀರಿನ ಕೊಳವೆಯಿಟ್ಟು, ಅದರಲ್ಲೊಂದು ಹುಳು ತೇಲಿಬಿಟ್ಟರು. ಹಕ್ಕಿಗಳು ಕಲ್ಲು ಹಾಕಿ ನೀರೇರಿಸಿ ಹುಳು ತಿಂದವು. ದೊಡ್ಡ ಕಲ್ಲಾದರೆ ಬೇಗ ಎಂದು ಕಂಡುಕೊಂಡವು. ಮರದ ಹೊಟ್ಟು ತುಂಬಿದ ಕೊಳವೆಗೆ ಕಲ್ಲು ಹಾಕಿದರೆ ದಂಡ ಎಂದೂ ಕಲಿತವು. ಈ ಪರೀಕ್ಷೆಯ ಲೋಪಗಳು ಎದ್ದು ಕಾಣುತ್ತವೆ. ಸುಳಿವುಗಳನ್ನು ಕೊಟ್ಟಿರಲಿಲ್ಲ. ಎಡವಲು, ಮತ್ತೆ ಯತ್ನಿಸಲು ಬಿಟ್ಟಿದ್ದರು. ಉತ್ತರ ಸರಿಯಾದರೆ ಹುಳು ಸಿಗುತ್ತಿತ್ತು. ಕೊನೆಯಲ್ಲಿ ಮಾರಲ್ ಬರೆಯಿರಿ ಎಂದು ಹಕ್ಕಿಗಳನ್ನು ಯಾರೂ ಕೇಳಲಿಲ್ಲ.

4. ಆಕ್ಷೇಪ ಮತ್ತು ಸಮಾಧಾನ

ಪೂರ್ವಪಕ್ಷದವರು ಹೇಳಬಹುದು: “ಅಲ್ಲ ಸ್ವಾಮಿ, ಅದೇ ಮಗುವನ್ನು ಕನ್ನಡದಲ್ಲಿ ಕೇಳಿ ನೋಡಿ. ಕಾಗಕ್ಕನ ಸಗಣಿ ಮನೆ, ಗುಬ್ಬಕ್ಕನ ಕಲ್ಲು ಮನೆ, ಮಳೆ, ಬಾಗಿಲು ತಟ್ಟಿದ್ದು, ಗುಬ್ಬಕ್ಕ ತೆಗೆಯದೆ ಸತಾಯಿಸಿದ್ದು, ಎಲ್ಲವನ್ನೂ ದನಿ ಬದಲಿಸಿ ಹೇಳುತ್ತದೆ. ಕಥೆ ಕಟ್ಟುವುದು ಅದಕ್ಕೆ ಬರುತ್ತದೆ. ಇಂಗ್ಲಿಷ್ ಇನ್ನೂ ಬರುವುದಿಲ್ಲ. ನೀವು ಅಳೆಯುತ್ತಿರುವುದು ಯಾವುದನ್ನು?”

ಸಮಾಧಾನ: ಕಾಗಕ್ಕ ಗುಬ್ಬಕ್ಕ ಸಿಲಬಸ್‌ನಲ್ಲಿಲ್ಲ.

ಅವರು ಬಿಡದೆ, ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆಯನ್ನು ಮುಂದೆ ತರುತ್ತಾರೆ. 2005ರಲ್ಲಿ ಶುರುವಾದ ಈ ಸಮೀಕ್ಷೆಯವರು ಇಂಗ್ಲಿಷ್ ಪರೀಕ್ಷಿಸಿದ ವರ್ಷಗಳಲ್ಲಿ ಮನೆಗೇ ಹೋಗಿ, ಮಗುವಿನ ಪಕ್ಕ ಕೂತು, ದೊಡ್ಡಕ್ಷರ, ಚಿಕ್ಕಕ್ಷರ, ಬಿಡಿಪದ, ಸುಲಭ ವಾಕ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಓದಿಸಿದರು. ಓದಿದ ಮಗುವಿಗೆ “ಇದರ ಅರ್ಥ ಏನಮ್ಮಾ?” ಎಂದೂ ಕೇಳಿದರು, ಮನೆಮಾತಿನಲ್ಲಿ ಹೇಳಿದರೂ ಒಪ್ಪಿದರು. ಗಟ್ಟಿಯಾಗಿ ಓದಿದವರೆಲ್ಲ ಅರ್ಥ ಹೇಳಲಿಲ್ಲ ಎಂಬುದು ಅದರಿಂದಲೇ ಗೊತ್ತಾದದ್ದು.

ಇದು ಶುದ್ಧ ಅಪಚಾರ. ‘ನಮ್ಮ ಮಗ ಇಂಗ್ಲಿಷನ್ನ ಪಟಪಟ ಅಂತ ಓದ್ತಾನೆ ಸಾರ್’ ಎಂದು ತಂದೆ ಬೀಗುತ್ತಿರುವಾಗ ನಡುವೆ ಹೋಗಿ ಅರ್ಥ ಕೇಳುವುದು ಸಭ್ಯತೆಯೂ ಅಲ್ಲ. ಮಗುವಿಗೆ ಏನು ಗೊತ್ತು ಎಂದು ತಿಳಿಯಹೊರಟರೆ, ಮುಂದೆ ಏನು ಕಲಿಸಬೇಕು ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಪುಸ್ತಕ ಬೇಕು, ಬಿಡುವು ಬೇಕು, ಇಂಗ್ಲಿಷನ್ನು ಕನ್ನಡದ ಹೆಗಲ ಮೇಲೆ ಕೂರಿಸಿ ನಡೆಸಬಲ್ಲ ಮೇಷ್ಟರು ಬೇಕು. ಅಂಕಪಟ್ಟಿಗಾದರೆ ಒಂದು ಹಾಳೆ ಸಾಕು.

ಫಲಶ್ರುತಿ

ಈ ಶಾಸ್ತ್ರವನ್ನು ನಿತ್ಯ ಪಠಿಸುವ ಮಗುವಿಗೆ ಐದಕ್ಕೆ ಐದು. ಬೋರ್ಡಿನ ಮೇಲೆ ಬರೆಸುವ ಮೇಷ್ಟರಿಗೆ ತಪಾಸಣೆಯ ಭಯವಿಲ್ಲ. ಗೈಡ್ ಅಚ್ಚು ಹಾಕಿಸುವವರಿಗೆ ವರ್ಷಕ್ಕೊಂದು ಹೊಸ ಆವೃತ್ತಿ. ರುಜು ಹಾಕುವ ತಂದೆತಾಯಿಗಳಿಗೆ ಮನಶ್ಶಾಂತಿ. ಅರ್ಥ ಮಾಡಿಕೊಂಡು ಓದಿದವರಿಗೆ ಮಾತ್ರ ಮರುಪರೀಕ್ಷೆ.