ಅಖಾಡದ ಮೈಕ್ ಮಾಮಾ

ಹಟ್ಟಿಹಬ್ಬದ ಸೆಗಣಿ ಪಾಂಡವರು ಇನ್ನೂ ಪೂರ್ತಿ ಒಣಗಿರುವುದಿಲ್ಲ, ಅಷ್ಟರಲ್ಲೇ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಒಬ್ಬ ಮನುಷ್ಯನಿಗೆ ಬೇಡಿಕೆ ಶುರುವಾಗುತ್ತದೆ. ಉಳಿದ ಕಾಲದಲ್ಲಿ ಆತ ಗೋವಿನಜೋಳದ ರೈತ, ಇಲ್ಲವೇ ಸೊಸೈಟಿ ಕಾರಕೂನ, ಇಲ್ಲವೇ ನಿವೃತ್ತ ಮಾಸ್ತರ. ಮನೆಯಲ್ಲಿ ಆತನ ಮಾತಿಗೆ ಬೆಕ್ಕೂ ತಲೆಯೆತ್ತುವುದಿಲ್ಲ. ಹೋರಿ ಹಬ್ಬದ ಕಮಿಟಿಯವರು ಬಂದು "ಮಾಮಾ, ಈ ಸಲಾನೂ ಮೈಕ್ ನೀವ ಹಿಡೀಬೇಕ್ರಿ" ಅಂದರೆ ಗೋಡೆಯ ಕ್ಯಾಲೆಂಡರ್ ನೋಡುತ್ತಾನೆ, ಹುಬ್ಬು ಗಂಟಿಕ್ಕುತ್ತಾನೆ, "ಆ ತಾರೀಖು ಖಾಲಿ ಇಲ್ಲಲ್ಲೋ" ಅನ್ನುತ್ತಾನೆ. ಚಹಾ ಆರುವುದರೊಳಗೆ ಒಪ್ಪಿರುತ್ತಾನೆ. ಊರಿಗೊಬ್ಬ ಇಂಥವನಿದ್ದಾನೆ. ಪಡಿತರ ಚೀಟಿಯಲ್ಲಿ ಯಾವ ಹೆಸರಿದ್ದರೂ ಅಖಾಡದಲ್ಲಿ ಆತ ಮೈಕ್ ಮಾಮಾ.

ಬಿಳಿ ಅಂಗಿ, ಹೆಗಲ ಮೇಲೆ ಹಿಂದಿನ ಊರಿನ ಕಮಿಟಿ ಹೊದಿಸಿದ ಶಾಲು, ಕಿಸೆ ಹರಿಯುವಷ್ಟು ಚೀಟಿಗಳು, ದವಡೆಯಲ್ಲಿ ಸವಣೂರಿನ ಎಲೆ. ಮೈಕಿಗೆ ಕರವಸ್ತ್ರ ಸುತ್ತಿರುತ್ತಾನೆ. ಆವಾಜು ಸಾಫ್ ಬರಲೆಂದು ಸುತ್ತಿದ್ದೇನೆ ಎಂಬುದು ಆತನ ಮಾತು. ಎಲೆಯ ರಸ ಒಳಗೆ ಇಳಿಯದಿರಲೆಂದು ನಾನೇ ಸುತ್ತಿಸಿದ್ದು ಎಂಬುದು ಸೌಂಡ್ ಸೆಟ್ಟಿನ ಹುಡುಗನ ಮಾತು.

ಆತನ ಕಷ್ಟ ಸಣ್ಣದಲ್ಲ. ಕೊರಳಿಗೆ ಒಣಕೊಬ್ಬರಿ ಸರ, ಕೋಡಿಗೆ ಬಲೂನು, ಬೆನ್ನಿಗೆ ಮಿರುಗುವ ಜೂಲ ತೊಟ್ಟ ಹೋರಿಯನ್ನು ಬಿಡುತ್ತಾರೆ. ಎರಡೂ ಕಡೆಯಿಂದ ಹುಡುಗರು ಮೇಲೆ ಬೀಳುತ್ತಾರೆ. ಕೊಬ್ಬರಿ ಹರಿದರೆ ಹುಡುಗನ ಗೆಲುವು, ಹರಿಗೊಡದೆ ದಾಟಿದರೆ ಹೋರಿಯ ಗೆಲುವು. ಇಷ್ಟೂ ಮುಗಿಯುವುದಕ್ಕೆ ಒಂದು ಸೀನಿನಷ್ಟು ಹೊತ್ತು ಸಾಕು. ಇಂಗ್ಲೆಂಡಿನ ಗ್ರ್ಯಾಂಡ್ ನ್ಯಾಷನಲ್ ರೇಸಿನಲ್ಲಿ ಕುದುರೆಗಳು ನಾಲ್ಕು ಮೈಲಿಗೂ ಮಿಕ್ಕಿ ಓಡುತ್ತವೆ. 1927ರಿಂದ ಬಿಬಿಸಿ ರೇಡಿಯೊದವರು ಅದರ ಮೇಲೆ ಒಂಬತ್ತು-ಹತ್ತು ನಿಮಿಷ ಮಾತಾಡುತ್ತ ಬಂದರು. ನಮ್ಮ ಮಾಮಾ "ಬಂತ್ ನೋಡ್ರಿ, ಬಂತು" ಎನ್ನುವುದರೊಳಗೆ ಹೋರಿ ಹೋಗಿಬಿಟ್ಟಿರುತ್ತದೆ. ಮುಂದಿನ ಹೋರಿ ಬರುವತನಕ ಬಾಯಿ ಖಾಲಿ ಇಡುವಂತಿಲ್ಲ. ಆಗ ಚೀಟಿಗಳು ಹೊರಬೀಳುತ್ತವೆ. ಐನೂರಾ ಒಂದು ರೂಪಾಯಿ ಕೊಟ್ಟ ದಾನಿಗೆ ಕಮಿಟಿಯ ವತಿಯಿಂದ ಅಭಿನಂದನೆ. ನೀಲಿ ಚಡ್ಡಿಯ ಹುಡುಗ ಮೈಕಿನ ಹತ್ತಿರ ಅಳುತ್ತಿದ್ದಾನೆ, ಅವರ ಅವ್ವ ಎಲ್ಲಿದ್ದರೂ ಬರಬೇಕು. ಯಾರದೋ ಬೈಕು ದಾರಿಗೆ ಅಡ್ಡ ನಿಂತಿದೆ, ಹೋರಿ ತಿವಿದರೆ ಕಮಿಟಿ ಜವಾಬ್ದಾರಿಯಲ್ಲ. ಮಿರ್ಚಿ ಅಂಗಡಿಯವನೂ ಎರಡು ಮಿರ್ಚಿ ಕಳಿಸಿ ತನ್ನ ಹೆಸರು ಹೇಳಿಸಿಕೊಳ್ಳುತ್ತಾನೆ.

ಮಾಮಾನ ನಿಜವಾದ ಕೈಚಳಕ ಕಾಣುವುದು ವಿಶೇಷಣಗಳಲ್ಲಿ. ಡಾನ್, ಸುನಾಮಿ, ಚಕ್ರವರ್ತಿ ಎಂಬ ಹೆಸರುಗಳನ್ನು ಹೋರಿಗೆ ಮಾಲೀಕನೇ ಇಟ್ಟಿರುತ್ತಾನೆ. ಅದರ ಹಿಂದೆ ಮುಂದೆ ಏನು ಹಚ್ಚಬೇಕು ಎಂಬುದು ಮಾತ್ರ ಮಾಮಾನ ಅಧಿಕಾರ. "ಹುಡುಗರ ಎದೆ ನಡುಗಿಸಿದ, ಹಿಂಡಿ-ಹುರುಳಿ ತಿಂದು ಗುಂಡಿನಂಗ ಬೆಳೆದ, ಹೋದ ವರ್ಷ ತಿಜೋರಿ, ಅದರ ಹಿಂದಿನ ವರ್ಷ ಬೈಕು ಗೆದ್ದ..." ಎಂದು ಶುರುವಾದರೆ ಹೋರಿಗೇ ಬೇಸರ ಬಂದು ಓಡುತ್ತದೆ. ಸೋತ ಹೋರಿ ಆತನ ನಿಘಂಟಿನಲ್ಲಿ ಇಲ್ಲ. ಕೊಬ್ಬರಿ ಪೂರಾ ಹರಿದುಕೊಂಡು, ಜೂಲ ಕಳಚಿ, ಮೊಳಕಾಲೂರಿ ಎದ್ದ ಹೋರಿಯನ್ನು "ಇವತ್ತು ಹುಡುಗರ ಮ್ಯಾಲೆ ಕರುಣೆ ತೋರಿಸಿದ ಹೋರಿ" ಎಂದು ಹೊಗಳುತ್ತಾನೆ. ಯಾಕೆಂದರೆ ನಾಳೆ ಆತ ಅದೇ ಊರಿನ ಮೇಲೆ ಹಾದು ಮನೆಗೆ ಹೋಗಬೇಕು.

ಈ ಹೊಗಳಿಕೆ ಪುಕ್ಕಟೆ ಹೋಗುವುದಿಲ್ಲ. ಬ್ರಿಟನ್ನಿನ ರೇಸ್ ಮೈದಾನದಲ್ಲಿ ಬುಕ್ಕಿಗಳು ಹಲಗೆಯ ಮೇಲೆ ದರ ಬರೆಯುತ್ತಿದ್ದರು. ಅವರ ಕಡೆಯವರು ಬಿಳಿ ಕೈಗವಸು ತೊಟ್ಟು, ತಲೆ ಮುಟ್ಟಿ ಮೂಗು ಮುಟ್ಟಿ, ದೂರದ ಬುಕ್ಕಿಗೆ ದರ ತಿಳಿಸುತ್ತಿದ್ದರು. ಟಿಕ್-ಟ್ಯಾಕ್ ಎಂಬ ಆ ಮೂಕಭಾಷೆಯನ್ನು ಟೀವಿಯಲ್ಲಿ ಕುಣಿದು ತೋರಿಸಿಯೇ ಜಾನ್ ಮೆಕ್ರಿರಿಕ್ ಎಂಬ ಗಲ್ಲಮೀಸೆಯ ಮನುಷ್ಯ ಮನೆಮಾತಾದ. ನಮ್ಮ ದಲಾಲರು ಅಷ್ಟು ನಾಚಿಕೆಗೆಟ್ಟವರಲ್ಲ. ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ದರ ಕುದುರಿಸುತ್ತಾರೆ. ಮುಖ ನೋಡಿದರೆ ಮಳೆ-ಬೆಳೆ ವಿಚಾರಿಸುತ್ತಿರುವಂತೆ ಇರುತ್ತದೆ. ಅಖಾಡದ ಅಂಚಿನಲ್ಲಿ ನಿಂತು ಗಮನಿಸಿದರೆ ಒಂದು ಗುಟ್ಟು ತಿಳಿಯುತ್ತದೆ: ಮೈಕಿನಲ್ಲಿ ಒಂದು ವಿಶೇಷಣ ಏರಿದಾಗ ಟವೆಲ್ಲಿನೊಳಗೆ ಒಂದು ಬೆರಳು ಏರುತ್ತದೆ. ಹೆಸರು ಮಾಡಿದ ಹೋರಿಗೆ ಲಕ್ಷಗಟ್ಟಲೆ ಬೆಲೆ. ಬಾಜಿ ಕಟ್ಟುವುದು ಕಾನೂನಿಗೆ ವಿರುದ್ಧ ಎಂದು ಮಾಮಾ ತಾಸಿಗೊಮ್ಮೆ ಘೋಷಿಸುತ್ತಾನೆ, ಘೋಷಿಸುತ್ತಲೇ ದರ ಏರಿಸುತ್ತಾನೆ.

ಬಿಬಿಸಿಯಲ್ಲಿ ಐವತ್ತು ವರ್ಷ ರೇಸು ಹೇಳಿದ ಪೀಟರ್ ಓ'ಸುಲಿವನ್ ಎಂಬ ಮಹಾನುಭಾವನಿದ್ದ. 1974ರಲ್ಲಿ ಆತನದೇ ಕುದುರೆ ಅಟ್ಟಿವೊ ಚೆಲ್ಟನ್‌ಹ್ಯಾಮಿನಲ್ಲಿ ಮೊದಲು ಬಂತು. ಆತ ದನಿ ಒಂದು ಕೂದಲೆಳೆಯೂ ಅಲುಗದಂತೆ, ಪರರ ಕುದುರೆಯೆಂಬಂತೆ, ಮಾಲೀಕನ ಜಾಗದಲ್ಲಿ ತನ್ನ ಹೆಸರನ್ನು ಓದಿ ಮುಂದೆ ಹೋದ. ಈ ಸಂಗತಿ ಹೇಳಿದರೆ ಮಾಮಾನಿಗೆ ಆತನ ಮೇಲೆ ಮರುಕ ಹುಟ್ಟುತ್ತದೆ. ತನ್ನ ಹೆಂಡತಿಯ ತಮ್ಮನ ಹೋರಿ ಅಖಾಡಕ್ಕೆ ಇಳಿದ ದಿನ ಮಾಮಾ ಏನು ಮಾಡಿದ ಎಂಬುದನ್ನು ಸುತ್ತ ಹತ್ತು ಹಳ್ಳಿ ಬಲ್ಲದು. "ಹಿಡೀಬ್ಯಾಡ್ರೋ ತಮ್ಮಾ, ಸರೀರಿ, ಹಾದೀತು! ಯಪ್ಪಾ, ಇದು ಕೊಲ್ಲೂ ಹೋರಿ!" ಎಂದು ಮೈಕಿನಲ್ಲಿ ಹುಡುಗರನ್ನೆಲ್ಲ ಹೆದರಿಸಿ ಬೇಲಿ ಹತ್ತಿಸಿ, ಭಾವಮೈದುನನ ಹೋರಿಯನ್ನು ಮದುವೆಯ ಮೆರವಣಿಗೆಯಂತೆ ದಾಟಿಸಿದ. ರಾತ್ರಿ ಅತ್ತೆಯ ಮನೆಯಲ್ಲಿ ಹೋಳಿಗೆ.

ಹಾನಗಲ್ಲಿನವರು ತಮ್ಮೂರೇ ವಿರಾಟನಗರ ಎನ್ನುತ್ತಾರೆ. ಹಾಗಿದ್ದರೆ ಕೌರವರು ದನ ಹೊಡೆದುಕೊಂಡು ಹೋದದ್ದೂ ಇಲ್ಲಿಂದಲೇ, ಉತ್ತರಕುಮಾರ ಅಂತಃಪುರದಲ್ಲಿ ಮೀಸೆ ತಿರುವಿದ್ದೂ ಇಲ್ಲಿಯೇ. ಆ ವಂಶ ಅಳಿದಿಲ್ಲ. ಒಮ್ಮೆ ಹೋರಿಯೊಂದು ದಾರಿ ಬಿಟ್ಟು ಮಾಮಾ ನಿಂತ ಟ್ರ್ಯಾಕ್ಟರ್ ಟ್ರೇಲರಿನ ಕಡೆಗೇ ನುಗ್ಗಿತು. ಮಾಮಾ ಚೀಟಿ ಚೆಲ್ಲಿ ಇಂಜಿನ್ನಿನ ಬಾನೆಟ್ಟಿಗೆ ಹಾರಿದ. ಮೈಕ್ ಮಾತ್ರ ಬಿಡಲಿಲ್ಲ. "ಅಂಜಬ್ಯಾಡ್ರಿ, ಯಾರೂ ಅಂಜಬ್ಯಾಡ್ರಿ" ಎಂದು ನಡುಗುವ ದನಿಯಲ್ಲಿ ಊರಿಗೆಲ್ಲ ಧೈರ್ಯ ಹೇಳಿದ. 1967ರ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಇಪ್ಪತ್ಮೂರನೆಯ ಬೇಲಿಯ ಹತ್ತಿರ ಕುದುರೆಗಳೆಲ್ಲ ಒಂದರ ಮೇಲೊಂದು ಸಿಕ್ಕಿಬಿದ್ದಾಗ, ಆ ಗದ್ದಲದಲ್ಲಿ ಹಿಂದಿನಿಂದ ಬಂದು ದಾಟಿದ ಫಾಯ್ನಾವನ್ ಎಂಬ ನೂರಕ್ಕೊಂದು ದರದ ಕುದುರೆಯನ್ನು ಮೈಕ್ ಹಿಡಿದಿದ್ದ ಮೈಕಲ್ ಓ'ಹೆಹಿರ್ ಗುರುತಿಸಿ ಹೇಳಿದ್ದು ಇವತ್ತಿಗೂ ಅಲ್ಲಿನವರಿಗೆ ಹೆಮ್ಮೆ. ಆದರೆ ಕುದುರೆ ಆತನ ಮೇಲೆ ಬರುತ್ತಿರಲಿಲ್ಲ.

ತಮಾಷೆಗೂ ಒಂದು ಮಿತಿ ಇದೆ. ಹೋರಿ ಹಾದು ಜೀವ ಹೋದ ಸುದ್ದಿ ದೀಪಾವಳಿಯ ಮರುವಾರದ ಪತ್ರಿಕೆಯಲ್ಲಿ ಬರುವುದುಂಟು. ಸತ್ತವನು ಎಷ್ಟೋ ಸಲ ಹೋರಿ ಹಿಡಿಯುವವನೂ ಅಲ್ಲ, ಬದಿಗೆ ನಿಂತು ನೋಡುವವನು. ಯಾರಾದರೂ ಬಿದ್ದು ಏಳದಿದ್ದರೆ ಮಾಮಾನ ವಿಶೇಷಣಗಳೆಲ್ಲ ನಿಂತುಹೋಗುತ್ತವೆ. "ಗಾಡಿ ತಗೊಂಬರ್ರಿ. ದಾರಿ ಬಿಡ್ರಿ." ಅಷ್ಟೇ.

ಕಾನೂನಿನಲ್ಲೂ ಆತ ಪಂಡಿತ. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು ಬೇಡ ಅಂದಾಗ ನಮ್ಮ ಹೋರಿಗಳಿಗೂ ಆತಂಕ ಬಂತು. 2023ರ ಮೇ ತಿಂಗಳಲ್ಲಿ ಅದೇ ಕೋರ್ಟಿನ ಸಂವಿಧಾನ ಪೀಠ ಜಲ್ಲಿಕಟ್ಟು, ಕಂಬಳಗಳ ಕಾಯ್ದೆ ಎತ್ತಿಹಿಡಿದ ಮೇಲೆ ಮಾಮಾ ಗಣಪತಿಗೆ ಮೊದಲ ನಮಸ್ಕಾರ, ಐವರು ನ್ಯಾಯಮೂರ್ತಿಗಳಿಗೆ ಎರಡನೆಯದು ಸಲ್ಲಿಸುತ್ತಾನೆ. ಕುದುರೆ ರೇಸು ಕೌಶಲದ ಆಟವೆಂದು 1996ರಲ್ಲೇ ತೀರ್ಪಾಗಿದೆ ಎಂಬುದು ಆತನ ಹೊಟ್ಟೆಯುರಿ. "ಕುದರೀಗಿ ಬುದ್ಧಿ ಐತಿ ಅಂದ್ರ, ನಮ್ಮ ಹೋರಿ ಏನ್ ಸಾಲಿ ಕಲ್ತಿಲ್ಲೇನು?"

ಇತ್ತೀಚೆಗೆ ಮಾಮಾನ ಗಾದಿಗೆ ಸಂಚಕಾರ ಬಂದಿದೆ. ಬ್ರಿಟಿಷರು ನಮ್ಮನ್ನು ಬಿಟ್ಟುಹೋದ 1947ರಲ್ಲೇ ತಮ್ಮ ರೇಸಿಗೆ ಫೋಟೋ ಫಿನಿಶ್ ತಂದುಕೊಂಡಿದ್ದರು. ನಮಗೆ ಅದು ಮೊಬೈಲಿನ ರೂಪದಲ್ಲಿ ಬಂತು. ಹೋದ ಹಂಗಾಮಿನಲ್ಲಿ ಎರಡು ಹೋರಿಗಳ ಅಭಿಮಾನಿ ಬಳಗದವರು ಧ್ವಜ ಸಮೇತ ಟ್ರೇಲರ್ ಮುತ್ತಿದರು. ಕೊಬ್ಬರಿ ಹರಿದಿದೆಯೋ ಇಲ್ಲವೋ ಎಂಬುದೇ ಜಗಳ. ನಿಧಾನಗತಿಯ ವಿಡಿಯೋ ಹಾಕಿ, ಪರದೆಯನ್ನು ಮಾಮಾನ ಮೂಗಿಗೆ ಹಿಡಿದರು. ಮಾಮಾ ಕನ್ನಡಕ ಏರಿಸಿ ಎರಡು ಸಲ ನೋಡಿದ. ಎಲೆ ಉಗುಳಿ ಬಂದ.

"ತಮ್ಮಾ, ಈ ವಿಡಿಯೋದಾಗ ಆವಾಜ್ ಯಾರ್ದು?"

"ನಿಮ್ದರಿ ಮಾಮಾ."

"ಮತ್ತ? ನೋಡೂದು ಬಿಟ್ಟು ಅದನ್ನ ಕೇಳು."