ಒಂಟಿ ರನ್‌ವೇ ಮಹಾಶಯರಿಗೊಂದು ಬಹಿರಂಗ ಪತ್ರ

ಫ್ಲಾರಿಡಾದ ಬಿಗ್ ಸೈಪ್ರೆಸ್ ಜೌಗಿನಲ್ಲಿ ಪವಡಿಸಿರುವ 10,500 ಅಡಿ ಉದ್ದದ ರನ್‌ವೇ ಮಹಾಶಯರಿಗೆ ಸಾಷ್ಟಾಂಗ ನಮಸ್ಕಾರಗಳು. (ಸಾಷ್ಟಾಂಗವೇ ಸರಿ, ತಮ್ಮದೂ ಅದೇ ಭಂಗಿ.)

ತಾವು ಹುಟ್ಟಿದ ಗಳಿಗೆ ಭಾರೀ ದೊಡ್ಡದು. 1968ರಲ್ಲಿ ಡೇಡ್ ಕೌಂಟಿಯ ಬಂದರು ಪ್ರಾಧಿಕಾರ 39 ಚದರ ಮೈಲಿಯಲ್ಲಿ ಜಗತ್ತಿನ ಅತಿ ದೊಡ್ಡ ವಿಮಾನ ನಿಲ್ದಾಣಕ್ಕೆ ಗುದ್ದಲಿಪೂಜೆ ಮಾಡಿತು. ಶಬ್ದವನ್ನೂ ಹಿಂದಿಕ್ಕುವ ವಿಮಾನಗಳು ಇಳಿಯಬೇಕಿದ್ದ ಜಾಗ ಅದು. ಎಷ್ಟು ಗದ್ದಲವಾದರೇನು, ಅಲ್ಲಿ ಯಾರಿದ್ದಾರೆ?

ಮಿಕ್ಕೊಸುಕಿ ಬುಡಕಟ್ಟಿನ ಜನ ಇದ್ದರು. 19ನೇ ಶತಮಾನದಲ್ಲಿ ಅಮೆರಿಕದ ಸೇನೆ ಅಟ್ಟಿಸಿಕೊಂಡು ಬಂದಾಗ ಇದೇ ಜೌಗಿನ ಮರದ ದಿಬ್ಬಗಳು ಅವರ ಹಿರಿಯರನ್ನು ಬಚ್ಚಿಟ್ಟುಕೊಂಡಿದ್ದವು. ಅವರು ಹಸಿರು ಜೋಳದ ಹಬ್ಬ ಮಾಡುವ ನೆಲವೂ ಯೋಜನೆಯ ಬಾಯಿಗೆ ಬಿತ್ತು. ಬುಡಕಟ್ಟಿನವರು, ಬೇಟೆಗಾರರು, ಪರಿಸರದವರು ಒಟ್ಟಾಗಿ ಕೂಗೆಬ್ಬಿಸಿದರು. ಈ ನಿಲ್ದಾಣ ಬಂದರೆ ಪಕ್ಕದ ಎವರ್‌ಗ್ಲೇಡ್ಸ್ ಜೌಗು ಉಳಿಯದು ಎಂದು 1969ರಲ್ಲಿ ಜಲತಜ್ಞ ಲಿಯೋಪೋಲ್ಡ್ ಅವರ ವರದಿ ಎಚ್ಚರಿಸಿತು. ಮರುವರ್ಷ ನಿಕ್ಸನ್ ಸರ್ಕಾರ ಕೆಲಸ ನಿಲ್ಲಿಸಿತು. ಆರು ರನ್‌ವೇಗಳ ಸಂಸಾರ ಕಟ್ಟಲು ಹೊರಟವರು ತಮ್ಮೊಬ್ಬರನ್ನೇ ಬಿಟ್ಟು ಹೋದರು. 1974ರಲ್ಲಿ ಸುತ್ತಲಿನ ಜೌಗು ರಾಷ್ಟ್ರೀಯ ರಕ್ಷಿತ ಪ್ರದೇಶವಾಯಿತು. ಕಲಿಯುವ ಪೈಲಟ್‌ಗಳ ಚಕ್ರದೇಟು ತಿನ್ನುತ್ತಾ ತಾವು ಅರ್ಧ ಶತಮಾನ ಕಳೆದಿರಿ.

ನಿವೃತ್ತರಿಗೆ ಮರುನೇಮಕ ಎಲ್ಲ ಸರ್ಕಾರಗಳಲ್ಲೂ ಉಂಟು. 2025ರ ಬೇಸಿಗೆಯಲ್ಲಿ ತಮ್ಮ ಬೆನ್ನ ಮೇಲೆ ವಲಸಿಗರ ಬಂಧನ ಶಿಬಿರ ಎದ್ದಿತು. ತುರ್ತು ಅಧಿಕಾರ ಚಲಾಯಿಸಿದ ರಾಜ್ಯಕ್ಕೆ ಪರಿಸರ ಪರಿಶೀಲನೆಗೆ ಪುರುಸೊತ್ತಿರಲಿಲ್ಲ. ಸುತ್ತ ಇರುವುದು ಮೊಸಳೆ, ಹೆಬ್ಬಾವು ಮಾತ್ರ ಎಂದು ಅಧಿಕಾರಸ್ಥರು ಬೀಗಿದರು. ಜನಗಣತಿ 1968ಕ್ಕಿಂತ ಸುಧಾರಿಸಿದೆ ಎನ್ನಬೇಕು, ಮೊಸಳೆಗಳಾದರೂ ಲೆಕ್ಕಕ್ಕೆ ಬಂದವು.

ಬುಡಕಟ್ಟಿನ ಮುಖ್ಯಸ್ಥರು ಬೇರೆ ಲೆಕ್ಕ ಮುಂದಿಟ್ಟರು: ಮಿಕ್ಕೊಸುಕಿ ಮತ್ತು ಸೆಮಿನೋಲ್ ಜನರ 15 ಸಾಂಪ್ರದಾಯಿಕ ಹಳ್ಳಿಗಳು, ಆಚರಣೆಯ ನೆಲಗಳು, ಹಿರಿಯರ ಸಮಾಧಿಗಳು. ಪರಿಸರ ಸಂಘಟನೆಗಳು ಹೂಡಿದ್ದ ದಾವೆಯಲ್ಲಿ ಜುಲೈನಲ್ಲಿ ಬುಡಕಟ್ಟೂ ಸೇರಿತು. ಆಗಸ್ಟ್‌ನಲ್ಲಿ ನ್ಯಾಯಾಧೀಶೆಯೊಬ್ಬರು ಶಿಬಿರ ಬಿಚ್ಚಲು 60 ದಿನ ಕೊಟ್ಟರು. ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ಆದೇಶಕ್ಕೇ ತಡೆ ಹಾಕಿತು. ತಮಗೆ ಮತ್ತೆ ಕೈತುಂಬ ಕೆಲಸ ಸಿಕ್ಕಿತು.

ನೀರಿನ ವಿಷಯದಲ್ಲಿ ಮಾತ್ರ ಮಿಕ್ಕೊಸುಕಿ ಜನರ ಹತ್ತಿರ ಸುಳಿಯುವಾಗ ಹುಷಾರು. ಇಲ್ಲಿನ ನೀರು ನಿಂತಂತೆ ಕಂಡರೂ ದಕ್ಷಿಣಕ್ಕೆ ತೆವಳುತ್ತಲೇ ಇರುತ್ತದೆ. ಕಬ್ಬಿನ ಗದ್ದೆಗಳಿಂದ ಬರುವ ರಂಜಕ ಹೆಚ್ಚಿದರೆ ಗರಗಸದಂಚಿನ ಹುಲ್ಲು ಸತ್ತು ಆಪು ಮುತ್ತಿಕೊಳ್ಳುತ್ತದೆ. ಆದ್ದರಿಂದ ತಮ್ಮ ನೀರಿನ 100 ಕೋಟಿ ಭಾಗಕ್ಕೆ 10 ಭಾಗ ರಂಜಕಕ್ಕಿಂತ ಹೆಚ್ಚು ಇರಕೂಡದು ಎಂದು ಮಿಕ್ಕೊಸುಕಿಗಳು ತಾವೇ ಮಿತಿ ಹಾಕಿಕೊಂಡರು. 1999ರಲ್ಲಿ ಒಕ್ಕೂಟ ಸರ್ಕಾರದ ಪರಿಸರ ಸಂಸ್ಥೆ ಅದಕ್ಕೆ ಒಪ್ಪಿಗೆ ಕೊಟ್ಟಿತು. ರಂಜಕವನ್ನು ಇಷ್ಟು ಸಣ್ಣಗೆ ಎಣಿಸುವವರನ್ನು ಎಣಿಸಲು ಮರೆತವರ ಜಾಣತನಕ್ಕೆ ಯಾವ ಅಳತೆಗೋಲು?

ಲಕೋಟೆಯ ಮೇಲೆ ಬರೆದಿರುವ ವಿಳಾಸ, ‘ಯಾರೂ ಇಲ್ಲದ ಜಾಗ, ಫ್ಲಾರಿಡಾ’. ಅಂಚೆಯವನಿಗೆ ದಾರಿ ತಪ್ಪಿದರೆ ಟಮಿಯಾಮಿ ಹೆದ್ದಾರಿಯ ಪಕ್ಕದ ಯಾವುದಾದರೂ ಮಿಕ್ಕೊಸುಕಿ ಮನೆಯಲ್ಲಿ ವಿಚಾರಿಸಲಿ.