ಗೆನೀಝಾ ಕೋಣೆಗೆ ಕಾಮಗೆರೆಯಿಂದ ಬಹಿರಂಗ ಪತ್ರ

ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಗೆನೀಝಾ ಕೋಣೆಯವರ ಸನ್ನಿಧಾನಕ್ಕೆ,

ದೇವರ ಚಿತ್ರವಿರುವ ಲಗ್ನಪತ್ರಿಕೆಯನ್ನು ಕಸಕ್ಕೆ ಹಾಕಲು ನಮಗೆ ಮನಸ್ಸು ಬರುವುದಿಲ್ಲ. ದೇವರ ಹೆಸರಿದ್ದ ಕಾಗದವನ್ನು ಎಸೆಯಲಾರದೆ ಯೆಹೂದಿಗಳೂ ನಿಮ್ಮ ಮಡಿಲಿಗೆ ಹಾಕಿದರು. ಜೊತೆಗೆ ಲೆಕ್ಕದ ಚೀಟಿ, ವ್ಯಾಪಾರದ ಓಲೆಗಳೂ ಬಂದು ಬಿದ್ದವು. ಅದರಿಂದಲೇ 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ಬಾಳಿದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ನಮಗೆ ಸಿಕ್ಕ. ಈ ಉಪಕಾರ ತೀರಿಸಲಾಗದ್ದು.

ಅವನ ಕಂಚಿನ ಕಾರ್ಖಾನೆಯನ್ನು ಎಷ್ಟು ಚೆನ್ನಾಗಿ ಕಾಪಾಡಿದ್ದೀರಿ! ಏಡನ್‌ನ ಗೆಳೆಯರು ಒಡೆದ ಪಾತ್ರೆ, ತಾಮ್ರ ಕಳಿಸಿ ಹೊಸದು ಮಾಡಿಸಿಕೊಡು ಎಂದು ಬರೆಯುತ್ತಾರೆ. ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ ಹೋಗುತ್ತದೆ. ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತದೆ.

ಬೆನ್ ಯಿಜುವಿನ ಆಳು ಬೊಮ್ಮನನ್ನೂ ಉಳಿಸಿಕೊಟ್ಟಿರಿ, ಕೃತಜ್ಞರು. ಯಜಮಾನನ ವ್ಯವಹಾರಕ್ಕೆ ಕಡಲು ದಾಟಿದವನು ಅವನು. ಅವನ ಬಗ್ಗೆ ನೀವು ಇಟ್ಟುಕೊಂಡ ಸುದ್ದಿಯಲ್ಲಿ ಎದ್ದು ಕಾಣುವುದು ಏಡನ್‌ನಲ್ಲಿ ಕುಡಿದು ದುಡ್ಡು ಕೇಳಿದ್ದು. ಹೆಸರನ್ನೂ ಸ್ವರವಿಲ್ಲದ ಅಕ್ಷರಗಳಲ್ಲಿ ಇಟ್ಟಿರಿ. ಅದನ್ನು ಬೊಮ್ಮ ಎಂದು ಓದಲು ಲೇಖಕ ಅಮಿತಾವ್ ಘೋಷ್ ಮಂಗಳೂರಿಗೆ ಬಂದು ವಿದ್ವಾಂಸ ಬಿ.ಎ. ವಿವೇಕ ರೈ ಅವರನ್ನು ಕೇಳಬೇಕಾಯಿತು.

ನನ್ನ ದೊಡ್ಡ ದೂರು ಆಶು ಎಂಬ ದಾಸಿಯದು. 1132ರ ಅಕ್ಟೋಬರ್ 17ರಂದು ಬೆನ್ ಯಿಜು ಅವಳನ್ನು ಮಂಗಳೂರಿನಲ್ಲಿ ಬಿಡುಗಡೆ ಮಾಡಿದ ಪತ್ರ ನಿಮ್ಮ ಹತ್ತಿರ ಉಳಿಯಿತು. ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರು ನಂಬುತ್ತಾರೆ. 1149ರಲ್ಲಿ ಅವನು ಇಬ್ಬರು ಮಕ್ಕಳೊಡನೆ ಏಡನ್ ತಲುಪಿದ ಸುದ್ದಿಯೂ ನಿಮ್ಮಲ್ಲಿದೆ. 1156ರಲ್ಲಿ ಮಗಳು ಸಿತ್ ಅಲ್-ದಾರ್‌ಳನ್ನು ಅವನ ಅಣ್ಣತಮ್ಮಂದಿರ ಕಡೆಯ ಹುಡುಗನಿಗೆ ಕೊಟ್ಟದ್ದೂ ಗೊತ್ತು. ಆಶು ಎಲ್ಲಿ? ದ್ರಾಕ್ಷಿಯ ಲೆಕ್ಕಕ್ಕೆ ಜಾಗವಿತ್ತಲ್ಲ, ಆ ತಾಯಿಯ ಒಂದು ಮಾತಿಗೆ ಜಾಗವಿರಲಿಲ್ಲವೇ? ಹೊಟ್ಟೆ ಉರಿಯುತ್ತದೆ, ಸ್ವಾಮಿ.

ನಿಮ್ಮಿಂದ ವಿದ್ವಾಂಸ ಸಾಲೊಮನ್ ಶೆಕ್ಟರ್ ಕೇಂಬ್ರಿಜ್‌ಗೆ ಒಯ್ದ ತುಣುಕುಗಳೇ ಸುಮಾರು 1,93,000. ಮಿಕ್ಕವು ಹಲವು ದೇಶಗಳ ಗ್ರಂಥಾಲಯಗಳಲ್ಲಿ ಹಂಚಿಹೋಗಿವೆ. ನಿಮ್ಮನ್ನು ಇನ್ನೇನು ಕೇಳಲಿ, ನೀವು ಈಗ ಖಾಲಿ. ಕೇಳಬೇಕಾದವರು ನಮ್ಮ ವಿಶ್ವವಿದ್ಯಾಲಯಗಳವರು: ಈ ಓಲೆಗಳ ಭಾಷೆಯಾದ, ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿಯನ್ನು ಇಬ್ಬರು ಕನ್ನಡದ ಹುಡುಗಿಯರಿಗಾದರೂ ಕಲಿಸಿ, ಮಂಗಳೂರಿನ ಓಲೆಗಳನ್ನು ನೇರವಾಗಿ ಕನ್ನಡಕ್ಕೆ ತನ್ನಿ.

ಇಂತಿ ನಿಮ್ಮ ಋಣಿ,
ಕಾಮಗೆರೆಯ ಓದುಗ